ಗೋಪುರ ಹತ್ತುವ ರೇಡಿಯೋ

ಫೆಬ್ರವರಿ 3

ಚಿಮಟಿಗೆ,

ಇಲ್ಲಿ ಗಡಿಯಾರಗಳೆಲ್ಲ ಓಡುತ್ತಿವೆ. ಅಂಗಡಿಯ ಈಚೆ ಅರ್ಧದಲ್ಲಿ ನಿನ್ನ ಸೋದರತ್ತೆಯ ಹೊಲಿಗೆ ಯಂತ್ರವೂ ಓಡುತ್ತಿದೆ. ಅಲ್ಲಿ ನಿನ್ನ ಕೆಲಸವೂ ಓಡುತ್ತಿರಬಹುದು.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಹೋದ ವಾರ ಗೋಪುರದ ಮೆಟ್ಟಿಲಲ್ಲಿ ಹಳೆಯ ರೇಡಿಯೋ ಬಿತ್ತು. ಎದೆಗೆ ಕಟ್ಟಿಕೊಳ್ಳಲೆಂದು ಅತ್ತೆ ಹೊಲಿದುಕೊಟ್ಟಿದ್ದ ಚೀಲದ ಪಟ್ಟಿ ಕಿತ್ತುಹೋಯಿತು. ನೂರಾ ಹನ್ನೆರಡು ಮೆಟ್ಟಿಲಲ್ಲಿ ಅದು ಎಷ್ಟನ್ನು ಎಣಿಸಿತೋ ಕಾಣೆ, ಕೆಳಗೆ ಸಿಕ್ಕಿದ್ದು ಬರೀ ತಂತಿಯ ಗೊಂಚಲು. ರಿಪೇರಿ ಮಾಡಿಸಿಯೂ ಪ್ರಯೋಜನವಿಲ್ಲ. ಮಾರ್ಚ್ 31ಕ್ಕೆ ಹಳೆಯ ಪ್ರಸಾರ ನಿಲ್ಲುತ್ತದೆ. ಆಮೇಲೆ ಗಂಟೆಗಂಟೆಯ ಬೀಪ್ ಬೇಕೆಂದರೆ ಡಿಜಿಟಲ್ ರೇಡಿಯೋನೇ ಗತಿ.

ಏಪ್ರಿಲ್ 2ರಂದು ಬೆಳಿಗ್ಗೆ ಹತ್ತಕ್ಕೆ ಪುರಸಭೆಯ ಇಂಜಿನಿಯರ್ ಗೋಪುರದ ಗಡಿಯಾರ ಪರೀಕ್ಷಿಸಲು ಬರುತ್ತಾರೆ. ಗಂಟೆಯ ಮೊದಲ ಹೊಡೆತ ಎರಡು ಸೆಕೆಂಡಿಗಿಂತ ಹೆಚ್ಚು ಆಚೀಚೆ ಆದರೆ ಈ ಸಲ ಬೈದು ಬಿಡುವುದಿಲ್ಲ. ಯಂತ್ರ ಇಳಿಸಿ ಗುಜರಿಗೆ ಹಾಕಿ, ಯಾವುದೋ ಕಂಪನಿಯ ಮೋಟರ್ ಕೂರಿಸುತ್ತಾರಂತೆ. ಎರಡು ವರ್ಷದ ಹಿಂದೆ ಒಂದು ಸಲ ತಪ್ಪಿದೆ. ಇನ್ನೊಂದು ಸಲ ತಪ್ಪಿದರೆ ನನ್ನ ನಲವತ್ತೊಂದು ವರ್ಷದ ಕೆಲಸ ತಕ್ಕಡಿಗೆ ಹೋಗುತ್ತದೆ.

ನಿನ್ನ ಊರಿನಲ್ಲಿ ದೊಡ್ಡ ಅಂಗಡಿಗಳಿವೆ. ಒಂದು ರೇಡಿಯೋ ನೋಡು. ಮನೆಯಲ್ಲೂ ನಡೆಯಬೇಕು, ಗೋಪುರಕ್ಕೂ ಹೊರಬೇಕು, ಹೊರಗಡೆ ಗಡಿಯಾರ ನೋಡಲು ಬಸ್ಸಿನಲ್ಲಿ ಹೋಗುವಾಗಲೂ ಜೊತೆಗಿರಬೇಕು. ಒಂದು ಗೇಣಿಗಿಂತ ಉದ್ದ ಬೇಡ, ಚೀಲಕ್ಕೆ ಹಿಡಿಸುವುದಿಲ್ಲ. ಜೇಬಿನದು ಬೇಡ. ಇಯರ್‌ಫೋನ್ ಬೇಡ. ಸ್ಪೀಕರ್ ಮುಂದೆಯೇ ಇರಬೇಕು, ಅದರ ಮೇಲೆ ಬಟ್ಟೆಗಿಟ್ಟೆ ಇರಬಾರದು.

ಫೋನ್ ಮಾಡಬೇಡ, ಕಾಗದ ಬರೆ. ಬರೆದದ್ದು ಕೈಯಲ್ಲಿರುತ್ತದೆ.

ಅಪ್ಪ

(ನಾನೂ ಎರಡು ಸಾಲು ಗೀಚ್ತೀನಿ. ಫೋನ್ ಬೇಡ ಅಂದಿದ್ದು ನಿನ್ನ ಮೇಲಿನ ಸಿಟ್ಟಿಗಲ್ಲ ಕಣೆ. ಈಗ ಯಾರ ಫೋನೂ ಎತ್ತಲ್ಲ. ಅಂಗಡಿಯ ಫೋನನ್ನೇ ತೆಗೆಸಿಬಿಟ್ಟ. ನನ್ನ ಹತ್ರ ಅಂತೂ ಮೊದಲಿಂದ್ಲೂ ಇಲ್ಲ. – ಅತ್ತೆ)


ಫೆಬ್ರವರಿ 10

ಅಪ್ಪನಿಗೆ,

ಇಲ್ಲಿ ಲಿಫ್ಟುಗಳು ಹತ್ತುತ್ತಿವೆ, ಇಳಿಯುತ್ತಿವೆ. ನಡುವೆ ಸಿಕ್ಕಿಕೊಂಡವರನ್ನು ನಾನು ಬಿಡಿಸುತ್ತಿದ್ದೇನೆ. ಅವರಾದರೂ ಹೊರಗೆ ಬಂದ ಮೇಲೆ ಥ್ಯಾಂಕ್ಸ್ ಹೇಳುತ್ತಾರೆ.

ಎರಡು ವರ್ಷದ ಹಿಂದಿನ ವಿಷಯ ನೀವೇ ಎತ್ತಿದ್ದೀರಿ, ಅದಕ್ಕೆ ಬರೆಯುತ್ತೇನೆ. ಗೋಪುರದ ಕಿಂಡಿಯಲ್ಲಿ ರೇಡಿಯೋ ಹಿಡಿದು ನಿಂತವಳು ನಾನು. ಕೆಳಗೆ ಪೆಂಡ್ಯುಲಂ ಹಿಡಿದು ನಿಂತವರು ನೀವು. ಕೊನೆಯ ಬೀಪ್‌ಗೆ ನಾನು ‘ಬಿಡಿ’ ಎಂದು ಕೂಗಬೇಕು, ನೀವು ಬಿಡಬೇಕು. ನಾನು ಕೂಗಿದೆ. ಸರಿಯಾದ ಹೊತ್ತಿಗೇ ಕೂಗಿದೆ. ಪರೀಕ್ಷೆಯ ದಿನ ಗಡಿಯಾರ ನಾಲ್ಕು ಸೆಕೆಂಡು ತಡವಾಗಿ ಹೊಡೆದಾಗ ನೀವು ಇಂಜಿನಿಯರ್ ಎದುರಿಗೆ ಏನಂದಿರಿ? ‘ಇವಳ ಕಿವಿ ಮಂದ, ತಡವಾಗಿ ಕೂಗಿದಳು.’ ನಾನು ಅಲ್ಲ ಅಂದದ್ದಕ್ಕೆ, ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.’ ಆ ಮನುಷ್ಯ ನಕ್ಕ. ಅದನ್ನು ಪುಸ್ತಕದಲ್ಲಿ ಬರೆದುಕೊಂಡ: ‘ಸಹಾಯಕಿಯ ಅಜಾಗ್ರತೆ.’ ಎಂಟು ವರ್ಷ ನಿಮ್ಮ ಪಕ್ಕದಲ್ಲಿ ಕೂತು ಕಲಿತ ಕೆಲಸ ಅಷ್ಟಕ್ಕೆ ಮುಗಿಯಿತು.

ಈಗ ಅದೇ ಮಂದ ಕಿವಿಯವಳಿಗೆ ರೇಡಿಯೋ ಆರಿಸಲು ಹೇಳಿದ್ದೀರಿ. ಆಗಲಿ.

ಮೂರು ನೋಡಿದ್ದೇನೆ. ಮೊದಲನೆಯದು ಅಂಗೈಯಗಲದ್ದು, ಹಗುರ, ಬಸ್ಸಿಗೆ ಚೆನ್ನ. ಆದರೆ ಇಯರ್‌ಫೋನಿನ ವಯರೇ ಅದಕ್ಕೆ ಏರಿಯಲ್. ನಿಮಗೆ ಅದು ಬೇಡವಂತೆ. ಎರಡನೆಯದಕ್ಕೆ ಬಣ್ಣದ ಪರದೆ, ಫೋನಿಗೂ ಜೋಡಿಸಬಹುದು. ಅಂಗಡಿಯವನು ಅದನ್ನೇ ಹೊಗಳಿ ಹೊಗಳಿ ಮುಂದಿಡುತ್ತಾನೆ. ಒಮ್ಮೆ ಚಾರ್ಜ್ ಮಾಡಿದರೆ ಆರೇ ಗಂಟೆ, ಬ್ಯಾಟರಿ ಕೆಟ್ಟರೆ ನಾವು ಬಿಚ್ಚುವಂತಿಲ್ಲ, ಸ್ಪೀಕರ್ ಮೇಲೆ ಬಟ್ಟೆಯ ಹೊದಿಕೆ. ಮೂರನೆಯದು ಮರದ ಪೆಟ್ಟಿಗೆ. ಮುಂದೆ ತೂತು ತೂತಿನ ತಗಡು, ತಿರುಗಿಸುವ ಎರಡು ಗುಂಡಿ, ಎಳೆದರೆ ಮೊಳದುದ್ದ ಬರುವ ಏರಿಯಲ್. ಮನೆಯಲ್ಲಿ ಕರೆಂಟಿಗೆ ಹಾಕಬಹುದು, ಹೊರಗೆ ನಾಲ್ಕು ಸೆಲ್ಲು ಹಾಕಿದರೆ ಹದಿನೈದು ಗಂಟೆ. ಸೆಲ್ಲು ಎಲ್ಲಿ ಬೇಕಾದರೂ ಸಿಗುತ್ತದೆ. ತೂಕ ಮಾತ್ರ ಒಂದು ಕಿಲೋ ಮೀರುತ್ತದೆ. ಈ ವಯಸ್ಸಿನಲ್ಲಿ ಅದನ್ನು ಎದೆಗೆ ಕಟ್ಟಿಕೊಂಡು ಹತ್ತುವುದು ಏಕೆ? ಇಯರ್‌ಫೋನ್ ಇದ್ದರೆ ಗಾಳಿಯ ಸದ್ದೂ ಇಲ್ಲ, ತೂಕವೂ ಇಲ್ಲ. ಏಕೆ ಬೇಡ, ಹೇಳಿ.

ಮಗಳು


ಫೆಬ್ರವರಿ 16

ಚಿಮಟಿಗೆ,

ಮೂರನೆಯದನ್ನು ತೆಗೆದುಕೋ.

ತೆಗೆದುಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡು. ಅಂಗಡಿಯಲ್ಲಿ ಗಂಟೆಯ ಬೀಪ್ ಬರುವ ಹೊತ್ತಿಗೆ ಸದ್ದು ಅರ್ಧಕ್ಕಿಡು. ಸ್ಪೀಕರಿನ ತಗಡಿನ ಮೇಲೆ ಅಂಗೈ ಇಡು. ಐದು ಚಿಕ್ಕ ಬೀಪ್, ಆರನೆಯದು ಉದ್ದ. ಒಂದೊಂದೂ ಕೈಗೆ ಬೇರೆಬೇರೆಯಾಗಿ ತಿಳಿಯಬೇಕು. ತಿಳಿಯದಿದ್ದರೆ ಎಷ್ಟು ಚೆನ್ನಾಗಿದ್ದರೂ ಬೇಡ.

ಏಕೆ ಎಂದು ಕೇಳಬೇಡ. ಮೇಲೆ ಗಾಳಿ ಜಾಸ್ತಿ.

ನೀನು ಬರೆದ ಉಳಿದ ವಿಷಯ ಓದಿದೆ.

ಅಪ್ಪ


ಫೆಬ್ರವರಿ 24

ಅಪ್ಪನಿಗೆ,

‘ಓದಿದೆ.’ ಎರಡು ವರ್ಷಕ್ಕೆ ಮೂರಕ್ಷರ. ಇರಲಿ, ಲೆಕ್ಕ ಹಾಕುವುದಿಲ್ಲ.

ಮರದ ಪೆಟ್ಟಿಗೆಯನ್ನೇ ಕಳಿಸಿದ್ದೇನೆ. ನೀವು ಹೇಳಿದ ಹಾಗೆ ಹನ್ನೊಂದು ಗಂಟೆಯ ಬೀಪ್‌ಗೆ ಕೈ ಇಟ್ಟು ನೋಡಿದೆ. ಆರೂ ಚೆನ್ನಾಗಿ ತಿಳಿಯಿತು. ಅಂಗಡಿಯವನು ನನ್ನನ್ನು ವಿಚಿತ್ರವಾಗಿ ನೋಡಿದ, ಪರವಾಗಿಲ್ಲ. ಕೈಚೀಲದ ಒಳಗೆ ಹಾಕಿಕೊಂಡು ಮೂರು ದಿನ ಕೆಲಸಕ್ಕೂ ಒಯ್ದೆ. ಲಿಫ್ಟಿನ ಕೆಳಗಿನ ಗುಂಡಿಯೊಳಗೆ ನಿಂತರೆ ಮಾತ್ರ ಕಟ್ಟಾಗುತ್ತದೆ, ಉಳಿದಂತೆ ಎಲ್ಲ ಕಡೆ ಹಿಡಿಯುತ್ತದೆ. ಹಳೆಯದರ ಹಾಗೆ ಗರಗರ ಅನ್ನುವುದಿಲ್ಲ. ಹಿಡಿದರೆ ಪೂರ್ತಿ ಹಿಡಿಯುತ್ತದೆ, ಬಿಟ್ಟರೆ ಪೂರ್ತಿ ಬಿಡುತ್ತದೆ. ನಿಮ್ಮ ಸ್ವಭಾವಕ್ಕೆ ಸರಿಹೋಗುತ್ತದೆ.

ಏರಿಯಲ್ ಪೂರ್ತಿ ಎಳೆದು ಕಿಂಡಿಯ ಕಡೆಗೆ ಇಡಿ. ಸೆಲ್ಲನ್ನು ಹಾಗೇ ಒಳಗೆ ಬಿಟ್ಟು ತಿಂಗಳಾನುಗಟ್ಟಲೆ ಮರೆಯಬೇಡಿ, ಸೋರುತ್ತದೆ.

ಅಂಗಡಿಯವನು ಇನ್ನೂ ಒಂದು ಮಾತು ಹೇಳಿದ. ಬಿಡಿ, ಗಡಿಯಾರದವರಿಗೆ ಅದನ್ನು ನಾನು ಹೇಳಿಕೊಡಬೇಕೇ.

ಮಗಳು


ಮಾರ್ಚ್ 6

ಚಿಮಟಿಗೆ,

ರೇಡಿಯೋ ಬಂತು. ಒಳ್ಳೆಯ ಮಾಲು. ಕೈ ಇಟ್ಟರೆ ಯಾರೋ ಒಳಗಿನಿಂದ ತಟ್ಟಿದ ಹಾಗೆ ತಿಳಿಯುತ್ತದೆ. ಆರಿಸುವುದು ನಿನಗೆ ಮೊದಲಿನಿಂದಲೂ ಗೊತ್ತು.

ಸೋಮವಾರ ಹತ್ತು ಗಂಟೆಯ ಬೀಪ್‌ಗೆ ನಮ್ಮ ತಾಯಿ ಗಡಿಯಾರವನ್ನು ನೋಡಿದೆ. ಆ ಗೋಡೆ ಗಡಿಯಾರವನ್ನು ನೋಡಿಯೇ ಅಂಗಡಿಯ ಉಳಿದವನ್ನೆಲ್ಲ ನಾವು ಹೊಂದಿಸುವುದು, ತಿಂಗಳಿಗೆ ಅರ್ಧ ಸೆಕೆಂಡು ದಾಟಿದ್ದನ್ನು ನೀನೂ ಕಂಡವಳಲ್ಲ. ಅದು ಮೂರು ಸೆಕೆಂಡು ಮುಂದಿತ್ತು. ಮಂಗಳವಾರ ನೋಡಿದೆ, ಬುಧವಾರ ನೋಡಿದೆ. ಅದೇ ಮೂರು. ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಅಂದರೆ ಅದರ ಓಟ ಸರಿಯಾಗಿದೆ. ಜನವರಿಯಲ್ಲಿ ಅದನ್ನು ಹೊಂದಿಸಿದವನು ತಪ್ಪಿದ್ದಾನೆ.

ಗಡಿಯಾರ ಸುಳ್ಳು ಹೇಳಬಹುದು, ರೇಡಿಯೋದ ಬೀಪ್ ಸುಳ್ಳು ಹೇಳುವುದಿಲ್ಲ ಎಂದು ನಿನಗೆ ಮೊದಲ ದಿನ ಕಲಿಸಿದವನು ನಾನು. ರೇಡಿಯೋ ತಪ್ಪಿಲ್ಲ. ಗಡಿಯಾರ ತಪ್ಪಿಲ್ಲ. ಉಳಿದದ್ದು ನಾನು.

ತಾಯಿ ಗಡಿಯಾರವನ್ನು ಮೂರು ಸೆಕೆಂಡು ಹಿಂದಕ್ಕೆ ತಂದೆ. ಗೋಪುರ ಹತ್ತಿ ಅದನ್ನೂ ತಂದೆ. ಇಳಿದು ಬಂದ ಮೇಲೆ ಒಂದು ಕೈಗಡಿಯಾರದ ಮುಚ್ಚಳವನ್ನೂ ಬಿಚ್ಚಲಾಗಲಿಲ್ಲ.

ಮೂರು ಸೆಕೆಂಡು ತಿಳಿಯದವನು ಊರಿನ ಗಡಿಯಾರ ಇಟ್ಟುಕೊಳ್ಳಬಾರದು. ಇಂಜಿನಿಯರ್ ಬಂದು ಕಿತ್ತುಕೊಳ್ಳುವ ಮುಂಚೆ ನಾನೇ ಕೊಡುವುದು ಮರ್ಯಾದೆ. 20ನೇ ತಾರೀಖು ಗೋಪುರದ ಬೀಗದ ಕೈ ಪುರಸಭೆಗೆ ಒಪ್ಪಿಸುತ್ತೇನೆ. ನಿನಗೆ ಮೊದಲು ತಿಳಿಯಲಿ ಎಂದು ಬರೆದೆ.

ಅಪ್ಪ

(ಕಾಗದ ಅಂಟಿಸೋಕೆ ನನ್ನ ಕೈಗೆ ಕೊಟ್ಟ, ಅದಕ್ಕೆ ಬರೀತಿದೀನಿ. ನಾಲ್ಕು ದಿನದಿಂದ ಊಟ ಸರಿಯಾಗಿಲ್ಲ. ರೇಡಿಯೋ ಎದೆಗೆ ಒತ್ತಿಕೊಂಡು ಕೂತಿರ್ತಾನೆ. ನಿನಗೊಂದು ವಿಷಯ ಹೇಳ್ಬೇಕು. ಹಿಂದಿನಿಂದ ಕರೆದ್ರೆ ಅವನು ತಿರುಗಲ್ಲ. ಎದುರಿಗೆ ನಿಂತು ಬಾಯಿ ಅಗಲ ಮಾಡಿ ಹೇಳ್ಬೇಕು. ಎಷ್ಟು ದಿನದಿಂದ ಹೀಗೆ ಅಂತ ಕೇಳಿದ್ರೆ ನನ್ನ ಮೇಲೇ ರೇಗ್ತಾನೆ. – ಅತ್ತೆ)


ಮಾರ್ಚ್ 12

ಅಪ್ಪ,

ಬೀಗದ ಕೈ ಕೊಡಬೇಡಿ. ಉಳಿದದ್ದನ್ನು ಆಮೇಲೆ ಓದಿದರೂ ಸರಿ, ಇದನ್ನು ಮೊದಲು ಓದಿ. ನಿಮ್ಮ ತಾಯಿ ಗಡಿಯಾರ ಸರಿಯಾಗಿಯೇ ಇತ್ತು. ಜನವರಿಯಲ್ಲಿ ನೀವು ತಪ್ಪಲಿಲ್ಲ. ತಡವಾಗಿರುವುದು ರೇಡಿಯೋ.

ಡಿಜಿಟಲ್ ರೇಡಿಯೋ ಗಾಳಿಯಲ್ಲಿ ಬಂದದ್ದನ್ನು ಹಾಗೇ ನುಡಿಸುವುದಿಲ್ಲ. ಒಂದಷ್ಟು ಒಳಗೆ ಕೂಡಿಸಿಕೊಂಡು, ಬಿಡಿಸಿ, ಆಮೇಲೆ ನುಡಿಸುತ್ತದೆ. ಅದಕ್ಕೆ ಎರಡು ಮೂರು ಸೆಕೆಂಡು ಹಿಡಿಯುತ್ತದೆ. ಸುದ್ದಿ ಕೇಳುವವರಿಗೆ ಅದರಿಂದ ಏನೂ ಆಗುವುದಿಲ್ಲ. ಗಡಿಯಾರ ಇಡುವವರಿಗೆ ಮಾತ್ರ ಆಗುತ್ತದೆ.

ಇದು ನನಗೆ ಗೊತ್ತಿತ್ತು. ಅಂಗಡಿಯವನು ಹೇಳಿದ ಆ ಇನ್ನೊಂದು ಮಾತು ಇದೇ. ಮನೆಗೆ ತಂದ ಮೇಲೆ ಅಡುಗೆಮನೆಯ ನನ್ನ ಹಳೆಯ ರೇಡಿಯೋ ಪಕ್ಕದಲ್ಲಿ ಇದನ್ನಿಟ್ಟು ಕೇಳಿದೆ. ಹಳೆಯದು ಆರು ಬೀಪ್ ಮುಗಿಸಿದ ಮೇಲೂ ಹೊಸದು ಇನ್ನೂ ಎಣಿಸುತ್ತಿತ್ತು. ನಿಮಗೆ ಬರೆಯಬೇಕೆಂದು ಪೆನ್ನು ತೆಗೆದೆ. ಬರೆಯಲಿಲ್ಲ.

ಏಕೆ ಎಂದು ನೀವು ಕೇಳುವ ಮುಂಚೆ ನಾನೇ ಹೇಳುತ್ತೇನೆ. ಒಂದು ಸಲ ನಿಮ್ಮ ಗಡಿಯಾರ ತಪ್ಪಲಿ ಅನ್ನಿಸಿತು. ಅದೇ ಇಂಜಿನಿಯರ್ ಎದುರಿಗೆ ನೀವು ‘ನಾನು ಸರಿಯಾಗಿಯೇ ಇಟ್ಟಿದ್ದೆ’ ಅನ್ನಬೇಕು, ಅವನು ನಗಬೇಕು. ಹಾಗೆ ಅನ್ನಿಸಿಕೊಂಡರೆ ಹೇಗಿರುತ್ತದೆ ಎಂದು ನಿಮಗೆ ತಿಳಿಯಲಿ ಎಂದು. ಯಂತ್ರ ಗುಜರಿಗೆ ಹೋಗುತ್ತದೆ ಎಂದು ನೀವು ಬರೆದಿದ್ದಿರಿ. ಅದನ್ನು ಓದಿಯೂ ಸುಮ್ಮನಿದ್ದೆ. ನೀವು ನಿಮ್ಮನ್ನೇ ಅನುಮಾನಿಸುತ್ತೀರಿ ಎಂದು ಮಾತ್ರ ಹೊಳೆಯಲಿಲ್ಲ. ನಾನು ಕಂಡ ಅಪ್ಪ ಅಂಥವರಲ್ಲ.

ನಿಮ್ಮ ಕಾಗದ ಬಂದ ದಿನ ಆಸ್ಪತ್ರೆಯೊಂದರಲ್ಲಿ ಲಿಫ್ಟಿನ ಹಗ್ಗ ಬದಲಿಸುತ್ತಿದ್ದೆ. ಊಟದ ಹೊತ್ತಿನಲ್ಲಿ ಓದಿದೆ. ಡಬ್ಬಿಯನ್ನು ತೆರೆದ ಹಾಗೆಯೇ ಮುಚ್ಚಿದೆ. ನಾನು ಮಾಡಿದ್ದು ಕೆಟ್ಟ ಕೆಲಸ. ಆ ನಾಲ್ಕು ಸೆಕೆಂಡಿಗೆ ಇದು ಸಮವಾಗುವುದಿಲ್ಲ.

ಇಲ್ಲಿನ ಕೆಲಸ 28ರವರೆಗೆ ಬಿಡುವಂತಿಲ್ಲ, ರೋಗಿಗಳು ಮೆಟ್ಟಿಲಲ್ಲಿ ಹತ್ತುತ್ತಿದ್ದಾರೆ. ಇಲ್ಲದಿದ್ದರೆ ಈ ಕಾಗದದ ಬದಲು ನಾನೇ ಬರುತ್ತಿದ್ದೆ.

ಇನ್ನೊಂದು ಕೇಳಬೇಕು. ಕಟುವಾಗಿ ಕೇಳುತ್ತಿಲ್ಲ. ಇಯರ್‌ಫೋನ್ ಬೇಡ, ಫೋನ್ ಬೇಡ, ಅಂಗೈಗೆ ತಿಳಿಯಬೇಕು. ಅಪ್ಪ, ನಿಮಗೆ ಯಾವಾಗಿನಿಂದ ಕೇಳಿಸುತ್ತಿಲ್ಲ?

ಚಿಮಟಿ


ಮಾರ್ಚ್ 18

ಚಿಮಟಿ,

ನಾನು ಅತ್ತೆ. ನಿನ್ನ ಕಾಗದ ಮೊನ್ನೆ ಬಂತು. ಅವನು ಒಡೀಲಿಲ್ಲ. ‘ಬೀಗದ ಕೈ ಕೊಡ್ತಾ ಇದೀನಿ ಅಂತ ಬರೆದಿದ್ದಕ್ಕೆ ಸರಿ ಅಂತ ಬರೆದಿರ್ತಾಳೆ, ಅದನ್ನೇನು ಓದೋದು’ ಅಂದು ಡ್ರಾಯರಿಗೆ ತಳ್ಳಿದ. ಪುರಸಭೆಗೆ ಬರೆದ ಅರ್ಜಿ, ಬೀಗದ ಕೈ ಎರಡನ್ನೂ ಒಂದು ಲಕೋಟೆಗೆ ಹಾಕಿ ಇಟ್ಕೊಂಡಿದಾನೆ. ನಾಳಿದ್ದು ಇಪ್ಪತ್ತು. ಇಸ್ತ್ರಿ ಮಾಡಿದ ಅಂಗಿ ಬೇರೆ ಕೇಳಿದ.

ಇನ್ನೊಬ್ಬರ ಕಾಗದ ಒಡೆಯೋಳಲ್ಲ ನಾನು. ಇವತ್ತು ಅವನು ಸ್ನಾನಕ್ಕೆ ಹೋದಾಗ ಒಡೆದೆ. ಓದಿದೆ. ಮೊದಲು ನಿನ್ನ ಮೇಲೆ ಸಿಟ್ಟು ಬಂತು, ಆಮೇಲೆ ಅವನ ಮೇಲೆ ಬಂತು. ಒಬ್ಬರಿಗಿಂತ ಒಬ್ಬರು ಮೊಂಡರು ನೀವು, ನಡುವೆ ನಾನು ಕತ್ತರಿ ಬಾಯಿಗೆ ಸಿಕ್ಕ ಬಟ್ಟೆ.

ಮೊದಲನೇ ಹಾಳೆಯನ್ನ ಅವನ ಭೂತಗನ್ನಡಿ ಕೆಳಗೆ ಇಟ್ಟಿದೀನಿ. ಕೆಲಸಕ್ಕೆ ಕೂತ್ರೆ ಕಾಣ್ಲೇಬೇಕು. ಕೂರ್ತಾನೋ ಇಲ್ವೋ ಗೊತ್ತಿಲ್ಲ. ಇದನ್ನ ಈಗ್ಲೇ ಪೋಸ್ಟಿಗೆ ಹಾಕಿ ಬರ್ತೀನಿ.

ಅತ್ತೆ


ಮಾರ್ಚ್ 20

ಚಿಮಟಿಗೆ,

ಲಕೋಟೆ ಜೇಬಿನಲ್ಲೇ ಇದೆ. ಪುರಸಭೆಯ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಹೊರಡುವ ಮುಂಚೆ ಕನ್ನಡಕ ಹುಡುಕಲು ಮೇಜಿಗೆ ಹೋಗಿದ್ದೆ. ಭೂತಗನ್ನಡಿಯ ಕೆಳಗೆ ‘ಕೊಡಬೇಡಿ’ ಎಂಬ ಮಾತು ದೊಡ್ಡದಾಗಿ ಕಂಡಿತು. ಡ್ರಾಯರಿನಲ್ಲಿದ್ದ ಉಳಿದ ಹಾಳೆಗಳನ್ನೂ ತೆಗೆದುಕೊಂಡು ದಾರಿಯಲ್ಲಿ ನಿಂತು ನಿಂತು ಓದಿದೆ.

ನೀನು ಮಾಡಿದ್ದಕ್ಕೆ ಸಿಟ್ಟು ಬಂತು. ನಿಜ ಹೇಳುತ್ತೇನೆ, ಬಹಳ ಬಂತು. ಪುರಸಭೆಯ ಮೆಟ್ಟಿಲ ಮೇಲೆ ಕೂತು ಆ ಸಿಟ್ಟನ್ನು ಪೂರ್ತಿ ಪಡೋಣ ಎಂದುಕೊಂಡೆ. ಆಗಲಿಲ್ಲ. ಉಪ್ಪು ತಿಂದವನು ನೀರು ಕುಡಿಯಬೇಕು.

ನೀನು ಆ ದಿನ ‘ಬಿಡಿ’ ಎಂದು ಎರಡು ಸಲ ಕೂಗಿದ್ದೆ. ನನಗೆ ಕೇಳಿದ್ದು ಎರಡನೆಯದು.

ಇಂಜಿನಿಯರ್ ಎದುರಿಗೆ ಮಾತಾಡುವಾಗ ನನಗೆ ಇದು ಗೊತ್ತಿರಲಿಲ್ಲ. ನೀನು ತಡ ಮಾಡಿದೆ ಎಂದೇ ನಂಬಿದ್ದೆ. ಅದೇ ದಿನ ಸಂಜೆ ಅಂಗಡಿಯಲ್ಲಿ ನಿನ್ನ ಅತ್ತೆ ಕತ್ತರಿ ಕೇಳಿದಳಂತೆ, ಕೇಳಿದಳಂತೆ, ಕೊನೆಗೆ ಬಂದು ಭುಜ ಅಲ್ಲಾಡಿಸಿದಳು. ‘ಎರಡು ಸಲ ಕೂಗಿದೆ’ ಅಂದಳು. ಆಗ ತಿಳಿಯಿತು. ನೀನು ಒಳಗೆ ಪೆಟ್ಟಿಗೆ ತುಂಬುತ್ತಿದ್ದೆ. ಹತ್ತು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಇಡಲಿಲ್ಲ. ಕಿವುಡ ಎಂದು ಗೊತ್ತಾದರೆ ಬೀಗದ ಕೈ ಹೋಗುತ್ತದೆ ಎಂದು ಹೆದರಿದೆ. ಗಡಿಯಾರ ಉಳಿಸಿಕೊಂಡು ಮಗಳನ್ನು ಬಿಟ್ಟೆ. ಆಮೇಲೆ ಎರಡು ವರ್ಷ ಎದೆಗೆ ರೇಡಿಯೋ ಕಟ್ಟಿಕೊಂಡು ಒಬ್ಬನೇ ಹತ್ತಿದೆ.

ನೀನು ಸುಮ್ಮನಿದ್ದದ್ದು ಹದಿನೈದು ದಿನ. ನಾನು ಸುಮ್ಮನಿದ್ದದ್ದು ಎರಡು ವರ್ಷ. ನಿನ್ನನ್ನು ಬೈಯಲು ನನಗೆ ಬಾಯಿಲ್ಲ.

ಈಗ ಕೆಲಸದ ಮಾತು. ಹೊಸದು ಎಷ್ಟು ಹಿಂದೆ ಬರುತ್ತದೆ ಎಂದು ಕರಾರುವಾಕ್ಕಾಗಿ ಗೊತ್ತಾದರೆ ಅಷ್ಟನ್ನು ಕಳೆದುಕೊಂಡು ಗಡಿಯಾರ ಇಡಬಹುದು. ಆದರೆ ‘ಎರಡು ಮೂರು’ ಅಂದರೆ ಆಗುವುದಿಲ್ಲ. ಹಳೆಯದನ್ನೂ ಇದನ್ನೂ ಪಕ್ಕದಲ್ಲಿಟ್ಟು ಹತ್ತು ಸಲವಾದರೂ ಅಳೆಯಬೇಕು. ಹಳೆಯ ಪ್ರಸಾರ 31ಕ್ಕೆ ಮುಗಿಯುತ್ತದೆ. ಆಮೇಲೆ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಇಲ್ಲಿ ಹಳೆಯ ರೇಡಿಯೋ ಇಲ್ಲ, ಇದ್ದರೂ ಅದನ್ನು ಕೇಳುವ ಕಿವಿ ಇಲ್ಲ.

ನಿನ್ನ ಅಡುಗೆಮನೆಯ ರೇಡಿಯೋ ತೆಗೆದುಕೊಂಡು ಬರುತ್ತೀಯಾ? ಬಾರದಿದ್ದರೂ ನಾನು ಏನೂ ಅಂದುಕೊಳ್ಳುವುದಿಲ್ಲ. ಅನ್ನುವ ಹಕ್ಕಿಲ್ಲ.

ತಪ್ಪು ನನ್ನದು. ಬರೆದದ್ದು ಕೈಯಲ್ಲಿರುತ್ತದೆ ಎಂದು ನಾನೇ ಹೇಳಿದ್ದೆ. ಇದನ್ನು ನೀನು ಇಟ್ಟುಕೋ.

ಅಪ್ಪ


ಮಾರ್ಚ್ 24

ಅಪ್ಪ,

ನಿಮ್ಮ ಕಾಗದವನ್ನು ಲಿಫ್ಟಿನ ಒಳಗೆ ಓದಿದೆ. ನಾನೇ ನಡುವೆ ನಿಲ್ಲಿಸಿಕೊಂಡೆ. ಮೇಲಿನಿಂದ ಕೆಳಗಿನಿಂದ ಎಲ್ಲರೂ ಬಾಗಿಲು ಬಡಿದರು. ಅತ್ತು ಮುಗಿಸಿ ಇಳಿದೆ. ಯಾರೂ ಥ್ಯಾಂಕ್ಸ್ ಹೇಳಲಿಲ್ಲ.

ಆ ಸಂಜೆ ನಾನು ಪೆಟ್ಟಿಗೆ ತುಂಬಲು ಬೇಕೆಂದೇ ಹೊತ್ತು ಮಾಡಿದ್ದೆ. ನೀವು ಬರುತ್ತೀರಿ ಎಂದು ಕಾದಿದ್ದೆ. ಇದನ್ನು ನಾನೂ ಬರೆದೇ ಕೊಡುತ್ತಿದ್ದೇನೆ.

29ರ ಬೆಳಿಗ್ಗೆ ಎಂಟರ ಬಸ್ಸಿಗೆ ಬರುತ್ತೇನೆ. ಹಳೆಯ ರೇಡಿಯೋ, ಸ್ಟಾಪ್‌ವಾಚ್ ತರುತ್ತೇನೆ. ಹತ್ತಕ್ಕೆ ಹಳೆಯದರ ಬೀಪ್‌ಗೆ ಗೋಪುರ ಹೊಂದಿಸೋಣ, ಉಳಿದ ದಿನವೆಲ್ಲ ಅಂಗಡಿಯಲ್ಲಿ ಅಳೆಯೋಣ. ಈ ಸಲ ನಾನು ಕಿಂಡಿಯ ಹತ್ತಿರ ನಿಲ್ಲುವುದಿಲ್ಲ. ರೇಡಿಯೋ ಹಿಡಿದು ನಿಮ್ಮ ಹಿಂದೆಯೇ ನಿಲ್ಲುತ್ತೇನೆ. ಕೂಗುವುದೂ ಇಲ್ಲ. ಒಂದು ಕೈ ನಿಮ್ಮ ಹೆಗಲ ಮೇಲಿರುತ್ತದೆ. ಒತ್ತಿದಾಗ ಬಿಡಿ.

ಚಿಮಟಿ


ಏಪ್ರಿಲ್ 3

ಚಿಮಟಿಗೆ,

ನಿನ್ನೆ ಇಂಜಿನಿಯರ್ ಬಂದಿದ್ದರು. ಅವರು ಪುಸ್ತಕ ತೆರೆಯುವ ಮುಂಚೆ ನಾನೇ ಎರಡು ವರ್ಷದ ಹಿಂದಿನ ಹಾಳೆ ತೆಗೆಸಿದೆ. ಆ ದಿನ ತಡ ಮಾಡಿದ್ದು ನನ್ನ ಮಗಳಲ್ಲ, ನನಗೆ ಕಿವಿ ಕೇಳುವುದಿಲ್ಲ ಎಂದು ಹೇಳಿದೆ. ‘ಹಳೇ ವಿಷಯ ಬಿಡಿ’ ಎಂದು ಅವರ ಬಾಯಿ ಆಡಿದ್ದು ಕಂಡಿತು. ತಿದ್ದಿ ಸಹಿ ಹಾಕುವವರೆಗೆ ಗೋಪುರದ ಬಾಗಿಲು ತೆಗೆಯುವುದಿಲ್ಲ ಅಂದೆ. ತಿದ್ದಿದರು. ‘ಕಿವಿ ಕೇಳದವರು ಕೆಲಸ ಹೇಗೆ ಮಾಡ್ತೀರಿ’ ಎಂದು ಅವರು ಕೇಳುವಷ್ಟರಲ್ಲಿ ಮೇಲೆ ಹತ್ತು ಹೊಡೆಯಿತು. ನನಗೆ ಅದು ಪಾದದಲ್ಲಿ ತಿಳಿಯಿತು. ಅವರು ಕೈಯಲ್ಲಿದ್ದ ಫೋನು ನೋಡಿ ಬರೆದರು: ಅರ್ಧ ಸೆಕೆಂಡಿನ ಒಳಗೆ. ಯಂತ್ರ ಉಳಿಯಿತು. ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಾರೆ, ಇನ್ನು ಮುಂದೆ ಹೊಂದಿಸುವಾಗ ಕಿವಿ ಕೇಳುವ ಒಬ್ಬರು ಜೊತೆಗಿರಬೇಕಂತೆ. ನಾನು ಆಗಲಿ ಅಂದೆ.

ನಾವು ಅಳೆದ ಮೂರು ಮತ್ತು ಐದನೇ ಒಂದು ಸೆಕೆಂಡನ್ನು ರೇಡಿಯೋ ಬೆನ್ನಿನ ಮೇಲೆ ಮೊಳೆಯಿಂದ ಕೊರೆದಿದ್ದೇನೆ. ಹೊಸ ಮರ ಹಾಳಾಯಿತು ಎಂದು ಅತ್ತೆ ಗೊಣಗಿದಳು.

ಮುಂದಿನ ತಿಂಗಳ ಮೊದಲ ಭಾನುವಾರ ಗೋಪುರ ಹೊಂದಿಸುವ ದಿನ. ಅದೇ ಎಂಟರ ಬಸ್ಸಿಗೆ ಬಾ. ಹತ್ತುವ ಮುಂಚೆ ಕೈ ತೊಳೆದುಕೋ. 29ರಂದು ನಿನ್ನ ಕೈಯಲ್ಲಿದ್ದ ಲಿಫ್ಟಿನ ಗ್ರೀಸು ನನ್ನ ಬಿಳಿ ಅಂಗಿಯ ಹೆಗಲಿಗೆ ಐದು ಬೆರಳೂ ಮೂಡುವ ಹಾಗೆ ಹತ್ತಿದೆ. ಅತ್ತೆ ಸೋಪು ಹಚ್ಚಿ ಉಜ್ಜಲು ಹೊರಟಿದ್ದಳು. ಬೇಡವೆಂದು ಕಸಿದುಕೊಂಡು ಒಳಗಿಟ್ಟಿದ್ದೇನೆ.

ಅಪ್ಪ